ಸಿಲಿಂಡರ್ ಸರಿಸುವಷ್ಟು ಬಲ

ಮನೆಗೆ ಬರುವ ಅಡುಗೆ ಅನಿಲದ ಸಿಲಿಂಡರಿನಲ್ಲಿ 14.2 ಕಿಲೋ ಅನಿಲವಿರುತ್ತದೆ. ಕಬ್ಬಿಣದ ತೂಕವನ್ನೂ ಸೇರಿಸಿದರೆ ಒಟ್ಟು ಸುಮಾರು 30 ಕಿಲೋ ಆಗುತ್ತದೆ. ತುಮಕೂರಿನ ನಮ್ಮ ಮನೆಯಲ್ಲಿ ಅದನ್ನು ಹೊಸಿಲಿನಿಂದ ಅಡುಗೆಮನೆಗೆ ತಂದು ಕೂರಿಸುವ ಕೆಲಸ ಇಪ್ಪತ್ತೆರಡು ವರ್ಷ ನಮ್ಮ ಯಜಮಾನರದಾಗಿತ್ತು. ಅವರು ತೀರಿಕೊಂಡ ಮೂರನೆಯ ತಿಂಗಳಲ್ಲಿ, ತಂದವನು ಆತುರದಲ್ಲಿ ಬಾಗಿಲಲ್ಲೇ ಇಳಿಸಿ ಹೋದ ಸಿಲಿಂಡರು ಎರಡು ದಿನ ಅಲ್ಲಿಯೇ ನಿಂತಿತ್ತು. ಪಕ್ಕದ ಮನೆಯ ಹುಡುಗನನ್ನು ಕರೆಯಲು ಸಂಕೋಚ. ನಾನೇ ಸರಿಸಲು ಹೋದರೆ ಸೊಂಟ ಹಿಡಿಯಿತೇ ಹೊರತು ಅದು ಜಗ್ಗಲಿಲ್ಲ. ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವಳಾಗಿ ಸ್ನಾಯುತಂತುವಿನ ಚಿತ್ರವನ್ನು ಬೋರ್ಡಿನ ಮೇಲೆ ಲೆಕ್ಕವಿಲ್ಲದಷ್ಟು ಸಲ ಬರೆದಿದ್ದೆ. ನನ್ನದೇ ಸ್ನಾಯುಗಳು ಮೂರು ತಿಂಗಳಲ್ಲಿ ಏನಾಗಿದ್ದವು ಎಂಬುದನ್ನು ಮಾತ್ರ ಅಂದಿನವರೆಗೆ ಯೋಚಿಸಿರಲಿಲ್ಲ.

ಸಾವು, ಸಾಲ, ಮುರಿದ ಮದುವೆ, ಮುಚ್ಚಿದ ಕಾರ್ಖಾನೆ, ಇಂಥ ಯಾವುದೇ ಪೆಟ್ಟು ಬಿದ್ದವರಿಗೆ ಸುತ್ತಲಿನವರು ಹೇಳುವ ಮಾತು ಒಂದೇ: ಮೊದಲು ಮನಸ್ಸು ಸುಧಾರಿಸಲಿ, ವಾಕಿಂಗು, ವ್ಯಾಯಾಮ ಎಲ್ಲ ಆಮೇಲೆ ನೋಡಿಕೊಂಡರಾಯಿತು. ಮಾತಿನ ಹಿಂದಿರುವುದು ಕಾಳಜಿಯೇ ಆದರೂ ಅದರ ಕ್ರಮ ತಿರುಗುಮುರುಗಾಗಿದೆ ಎಂಬುದು ಈ ಎರಡು ವರ್ಷಗಳ ಓದು ಮತ್ತು ಅನುಭವದಿಂದ ನನಗೆ ಮನದಟ್ಟಾಗಿದೆ. ದೇಹವನ್ನು ಮೊದಲು ಎಬ್ಬಿಸಿದರೆ ಮನಸ್ಸು ಹಿಂದಿನಿಂದ, ತಡವಾಗಿ, ಗೊಣಗುತ್ತ ಬರುತ್ತದೆ. ಹಾಗೇಕೆ ಎಂಬುದನ್ನು ವಿವರಿಸಲು ದುಃಖ ದೇಹದೊಳಗೆ ಮಾಡುವ ಕೆಲಸದಿಂದಲೇ ಆರಂಭಿಸಬೇಕು.

ದೇವರಾಯನದುರ್ಗದ ಕಾಡಿನ ದಾರಿಯಲ್ಲಿ ಚಿರತೆ ಎದುರಾಯಿತು ಎಂದುಕೊಳ್ಳಿ. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಕ್ಷಣಾರ್ಧದಲ್ಲಿ ಅಡ್ರಿನಲಿನ್ ಅನ್ನೂ, ಕೆಲವು ನಿಮಿಷಗಳಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನನ್ನೂ ರಕ್ತಕ್ಕೆ ಬಿಡುತ್ತವೆ. ಎದೆ ಬಡಿತ ಏರುತ್ತದೆ, ರಕ್ತದಲ್ಲಿ ಸಕ್ಕರೆ ಹೆಚ್ಚುತ್ತದೆ, ಹಸಿವು ಮಾಯವಾಗುತ್ತದೆ. ಓಡಿ ಪಾರಾದ ಮೇಲೆ ಈ ಎಲ್ಲವೂ ತಾನಾಗಿ ಇಳಿಯುತ್ತದೆ, ಏಕೆಂದರೆ ಈ ಏರ್ಪಾಡು ಇರುವುದೇ ಓಟದೊಂದಿಗೆ ಮುಗಿಯುವ ಆಪತ್ತಿಗಾಗಿ. ಆದರೆ ಖಾಲಿಯಾದ ಮಂಚದ ಅರ್ಧಭಾಗವೋ ಬ್ಯಾಂಕಿನ ನೋಟಿಸೋ ಚಿರತೆಯಂತೆ ಪೊದೆಯೊಳಗೆ ಮರೆಯಾಗುವುದಿಲ್ಲ. ಬೆಳಿಗ್ಗೆ ಏರಿ ರಾತ್ರಿ ಇಳಿಯಬೇಕಾದ ಕಾರ್ಟಿಸಾಲ್ ತನ್ನ ಲಯ ತಪ್ಪುತ್ತದೆ, ನಿದ್ದೆ ತುಂಡುತುಂಡಾಗುತ್ತದೆ, ಸಕ್ಕರೆಯನ್ನು ಒದಗಿಸುವ ಸಲುವಾಗಿ ದೇಹ ಸ್ನಾಯುಗಳ ಪ್ರೋಟೀನನ್ನೇ ಒಡೆಯತೊಡಗುತ್ತದೆ. ಕೆಲಸವೇನೂ ಮಾಡದಿದ್ದರೂ ಮೈಕೈ ನೋವು, ಮೆಟ್ಟಿಲು ಹತ್ತಿದರೆ ಏದುಸಿರು ಎಂದು ಇಂಥವರು ಹೇಳಿಕೊಂಡಾಗ ಅದನ್ನು ಸೋಗು ಎಂದುಕೊಳ್ಳಬಾರದು.

ಅದರ ಮೇಲೆ ಮಲಗಿಯೇ ಇರುವುದು ಸೇರಿದರೆ ನಷ್ಟ ಇಮ್ಮಡಿಯಾಗುತ್ತದೆ. 1966ರಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ ಇಪ್ಪತ್ತರ ಹರೆಯದ ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಹಾಸಿಗೆಯಿಂದ ಏಳದಂತೆ ಮಲಗಿಸಿ, ಅವರ ಹೃದಯ ಮತ್ತು ಉಸಿರಾಟದ ಸಾಮರ್ಥ್ಯವನ್ನು ಅಳೆಯಲಾಯಿತು. ಮೂವತ್ತು ವರ್ಷಗಳ ನಂತರ ಅದೇ ಐವರನ್ನು ಮತ್ತೆ ಕರೆಸಿ ಪರೀಕ್ಷಿಸಿದಾಗ, ಮೂವತ್ತು ವರ್ಷಗಳ ವಯಸ್ಸು ಮಾಡಿದ ಹಾನಿಗಿಂತ ಅಂದಿನ ಮೂರು ವಾರದ ಹಾಸಿಗೆ ಮಾಡಿದ್ದ ಹಾನಿಯೇ ಹೆಚ್ಚು ಎಂದು ತಿಳಿದುಬಂತು. ಈ ಪ್ರಯೋಗವನ್ನು ನಾನು ವಿದ್ಯಾರ್ಥಿಗಳಿಗೆ ಕುತೂಹಲದ ಸಂಗತಿಯಾಗಿ ಹೇಳುತ್ತಿದ್ದೆ. ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ ಕೋಣೆಯ ಕಿಟಕಿ ಮುಚ್ಚಿಕೊಂಡು ನಾನು ಎಷ್ಟು ವಾರ ಮಲಗಿದ್ದೆ ಎಂದು ಲೆಕ್ಕ ಹಾಕಿದ್ದು ಸಿಲಿಂಡರು ಅಲುಗದ ಆ ದಿನ.

ಖಿನ್ನತೆಗೆ ಮನಶ್ಶಾಸ್ತ್ರಜ್ಞರು ಕೊಡುವ ಚಿಕಿತ್ಸೆಗಳಲ್ಲಿ ಒಂದು, ದೇಹ ಮೊದಲು, ಮನಸ್ಸು ಆಮೇಲೆ ಎಂಬ ಈ ಕ್ರಮವನ್ನೇ ಆಧರಿಸಿದೆ. ಮನಸ್ಸು ಕುಗ್ಗಿದವನು ಕೆಲಸಗಳನ್ನು ಬಿಡುತ್ತಾನೆ. ಬಿಟ್ಟಿದ್ದರಿಂದ ಸಣ್ಣಪುಟ್ಟ ತೃಪ್ತಿ, ನಾಲ್ಕು ಜನರ ಮುಖ, ಹಗಲಿನ ಬೆಳಕು ಎಲ್ಲವೂ ತಪ್ಪುತ್ತವೆ. ತಪ್ಪಿದ್ದರಿಂದ ಮನಸ್ಸು ಇನ್ನಷ್ಟು ಕುಗ್ಗುತ್ತದೆ. ಈ ಸುತ್ತನ್ನು ಎಲ್ಲಾದರೂ ಒಂದು ಕಡೆ ಕತ್ತರಿಸಬೇಕೆಂದರೆ ಮನಸ್ಸಿಗಿಂತ ಕಾಲು ಸುಲಭವಾಗಿ ಕೈಗೆ ಸಿಗುತ್ತದೆ. ಹುಮ್ಮಸ್ಸು ಬರಲಿ ಎಂದು ಕಾಯದೆ, ಹುಮ್ಮಸ್ಸಿಲ್ಲದೆಯೇ ಮಾಡಲು ಸಾಧ್ಯವಾಗುವಷ್ಟು ಚಿಕ್ಕ ಕೆಲಸವನ್ನು ಹೊತ್ತು ಗೊತ್ತುಮಾಡಿ ಮಾಡುವುದೇ ಇದರ ತಿರುಳು.

ಎಷ್ಟು ಚಿಕ್ಕದು ಎಂದರೆ, ಮೊದಲ ದಿನ ನಾನು ಅಮಾನಿಕೆರೆಯ ನಡಿಗೆ ಪಥದ ಮೇಲೆ ನಡೆದದ್ದು ಹತ್ತೇ ನಿಮಿಷ. ಹೋಗುವಾಗ ಐದು, ಬರುವಾಗ ಐದು, ಮಧ್ಯದಲ್ಲಿ ಕಲ್ಲುಬೆಂಚಿನ ಮೇಲೆ ಕುಳಿತದ್ದು ಹದಿನೈದು. ಕೆರೆಯ ನೀರಿನ ಮೇಲೆ ಇನ್ನೂ ಮಂಜಿತ್ತು. ಕಾಲಲ್ಲಿದ್ದದ್ದು ಕಾಲೇಜಿಗೆ ಹಾಕಿಕೊಂಡು ಹೋಗುವ ಚಪ್ಪಲಿ, ಮೈಮೇಲೆ ಹಿಂದಿನ ದಿನದ ಸೀರೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಪ್ರಮಾಣದ ಚಟುವಟಿಕೆಯೂ, ಅದರ ಜೊತೆಗೆ ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮವೂ ಬೇಕು. ಆದರೆ 150 ಎಂಬ ಅಂಕಿ ಪೆಟ್ಟು ತಿಂದವರಿಗೆ ಮೊದಲ ದಿನವೇ ಬೆಟ್ಟದಂತೆ ಕಾಣುತ್ತದೆ. ಅದೇ ಮಾರ್ಗಸೂಚಿ ಸ್ವಲ್ಪವಾದರೂ ಮಾಡುವುದು ಏನೂ ಮಾಡದಿರುವುದಕ್ಕಿಂತ ಮೇಲು ಎಂದೂ ಹೇಳಿದೆ, ಮತ್ತು ಆರಂಭದ ತಿಂಗಳಲ್ಲಿ ನೆನಪಿಡಬೇಕಾದದ್ದು ಆ ಎರಡನೆಯ ಮಾತನ್ನೇ. ಮಧ್ಯಮ ಪ್ರಮಾಣ ಎಂದರೇನು ಎಂದು ತಿಳಿಯಲು ಕೈಗೆ ಕಟ್ಟುವ ದುಬಾರಿ ವಾಚು ಬೇಕಾಗಿಲ್ಲ: ನಡೆಯುತ್ತಿರುವಾಗ ಜೊತೆಯವರೊಡನೆ ಮಾತಾಡಲು ಸಾಧ್ಯವಾಗಬೇಕು, ಹಾಡಲು ಸಾಧ್ಯವಾಗಬಾರದು.

ಇಲ್ಲಿ ವಿಜ್ಞಾನದ ಪುಸ್ತಕಗಳು ಹೇಳದ ಒಂದು ಅಡ್ಡಿಯನ್ನೂ ಹೇಳಬೇಕು. ಗಂಡ ಸತ್ತು ವರ್ಷ ತುಂಬದ ಹೆಂಗಸು ಬೆಳಗಿನ ಐದೂಮುಕ್ಕಾಲಿಗೆ ಶೂ ಹಾಕಿಕೊಂಡು ಕೆರೆಯ ಕಡೆ ಹೊರಟರೆ ನಮ್ಮ ಬೀದಿಗಳಲ್ಲಿ ಕಿಟಕಿಗಳು ತೆರೆದುಕೊಳ್ಳುತ್ತವೆ. ಗಂಡಸಾಗಿದ್ದರೆ ಪಾಪ, ಮನಸ್ಸು ಹಗುರ ಮಾಡಿಕೊಳ್ಳುತ್ತಿದ್ದಾನೆ ಎನ್ನುವವರು ಹೆಂಗಸಿನ ವಿಷಯದಲ್ಲಿ ಬೇರೆ ಮಾತಾಡುತ್ತಾರೆ. ಒಬ್ಬರು ನನ್ನ ಅತ್ತೆಯ ಬಳಿಯೇ ಬಂದು ದೂರಿದರು. ಅತ್ತೆ ಪಾವಗಡದ ಕಡೆಯವರು, ಮಾತು ಕಡಿಮೆ, ಕಳೆದುಕೊಂಡದ್ದು ಹೆತ್ತ ಮಗನನ್ನು. ಮರುದಿನ ನಾನು ಹೊರಡದೆ ಕುಳಿತಿದ್ದನ್ನು ಕಂಡು, "ಹೋಗ್ಬಾರಮ್ಮ, ನೀನು ಮನೇಲಿ ಕೂತ್ರೆ ಹೋದೋನು ಬತ್ತಾನಾ?" ಎಂದು ಬಾಗಿಲು ತೆರೆದು ಹಿಡಿದರು. ಹೊರಗೆ ಹೋಗಲು ಇಂಥ ಒಪ್ಪಿಗೆ ಸಿಗದ ಮನೆಗಳಲ್ಲಿ ಮಹಡಿಯ ಮೇಲೆ, ಹಿತ್ತಲಲ್ಲಿ, ಮೆಟ್ಟಿಲಲ್ಲಿ ನಡೆದರೂ ಹೃದಯ, ಸ್ನಾಯುಗಳಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಕಳೆದುಕೊಳ್ಳುವುದು ಮರಗಿಡಗಳನ್ನು ಮತ್ತು ನಾಲ್ಕು ಜನರ ಸಹವಾಸವನ್ನು, ಅದೂ ಸಣ್ಣ ನಷ್ಟವೇನಲ್ಲ.

ಇನ್ನು ವ್ಯಾಯಾಮದಿಂದ ಮನಸ್ಸಿಗೆ ಹಿತವಾಗುವುದು ಹೇಗೆ ಎಂಬ ಪ್ರಶ್ನೆ. ಎಂಡಾರ್ಫಿನ್ ಎಂಬ ಸಂತೋಷದ ಹಾರ್ಮೋನು ಉಕ್ಕುತ್ತದೆ ಎಂಬ ಉತ್ತರ ಎಲ್ಲರ ಬಾಯಲ್ಲೂ ಇದೆ; ನಾನೂ ತರಗತಿಯಲ್ಲಿ ಹಾಗೆಯೇ ಹೇಳಿದ್ದೆ. ಆದರೆ ರಕ್ತದಲ್ಲಿ ಹೆಚ್ಚುವ ಎಂಡಾರ್ಫಿನ್ ರಕ್ತ ಮತ್ತು ಮಿದುಳಿನ ನಡುವಿನ ತಡೆಯನ್ನು ಸುಲಭವಾಗಿ ದಾಟಲಾರದು, ಮತ್ತು ಅದರ ಕೆಲಸವನ್ನು ತಡೆಯುವ ಔಷಧ ಕೊಟ್ಟು ಓಡಿಸಿದಾಗಲೂ ಓಟಗಾರರಿಗೆ ಉಲ್ಲಾಸ ಉಂಟಾಗುತ್ತದೆ ಎಂದು ಇತ್ತೀಚಿನ ಪ್ರಯೋಗಗಳು ತೋರಿಸಿವೆ. ಈಗ ಹೆಚ್ಚು ಗಮನ ಸೆಳೆಯುತ್ತಿರುವುದು ಮಿದುಳಿಗೆ ಸುಲಭವಾಗಿ ಒಳಹೋಗಬಲ್ಲ ಅನಂದಮೈಡ್ ಎಂಬ ಇನ್ನೊಂದು ವಸ್ತು. 1992ರಲ್ಲಿ ಅದನ್ನು ಪತ್ತೆಹಚ್ಚಿದ ವಿಜ್ಞಾನಿಗಳು ಹೆಸರಿಟ್ಟದ್ದು ಸಂಸ್ಕೃತದ ಆನಂದ ಶಬ್ದದಿಂದ. ನಮ್ಮ ಮಾತೇ ಪ್ರಯೋಗಾಲಯ ಸುತ್ತಿ ವಾಪಸು ಬಂದಿದೆ. ಇದಲ್ಲದೆ, ನರಕೋಶಗಳ ಬೆಳವಣಿಗೆಗೆ ಗೊಬ್ಬರದಂತೆ ಒದಗುವ ಒಂದು ಪ್ರೋಟೀನು ನಿಯಮಿತ ವ್ಯಾಯಾಮದಿಂದ ಹೆಚ್ಚುತ್ತದೆ, ಮತ್ತು ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ ಎಂಬ ಭಾಗ, ಒಂದು ವರ್ಷ ನಿಯಮಿತವಾಗಿ ನಡೆದ ಹಿರಿಯರಲ್ಲಿ ಶೇ 2ರಷ್ಟು ಹಿಗ್ಗಿದ್ದು 2011ರಲ್ಲಿ ವರದಿಯಾಗಿದೆ. ಇವೆಲ್ಲಕ್ಕಿಂತ ಮೊದಲು ಅನುಭವಕ್ಕೆ ಬರುವುದು ನಿದ್ದೆ. ಬೆಳಗಿನ ಬೆಳಕು ಕಣ್ಣಿಗೆ ಬೀಳುವುದರಿಂದ ದೇಹದ ಗಡಿಯಾರ ಸರಿಹೋಗುತ್ತದೆ, ದಣಿದ ದೇಹ ನಿದ್ದೆಯನ್ನು ಬೇಡುತ್ತದೆ. ಮೂರನೆಯ ವಾರದಲ್ಲೊಂದು ರಾತ್ರಿ ಎರಡು ಗಂಟೆಗೆ ಎಚ್ಚರವಾಗದೆ ನಾಲ್ಕೂವರೆಯವರೆಗೆ ಮಲಗಿದ್ದೆ ಎಂಬುದು ಅಂದಿನ ನನ್ನ ದೊಡ್ಡ ಸುದ್ದಿಯಾಗಿತ್ತು.

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ತೀವ್ರ ಖಿನ್ನತೆಯಿದ್ದ, 50 ದಾಟಿದ 156 ಜನರನ್ನು ಮೂರು ಗುಂಪು ಮಾಡಿ, ಒಂದಕ್ಕೆ ವ್ಯಾಯಾಮ, ಇನ್ನೊಂದಕ್ಕೆ ಸರ್ಟ್ರಲೀನ್ ಎಂಬ ಮಾತ್ರೆ, ಮತ್ತೊಂದಕ್ಕೆ ಎರಡನ್ನೂ ಕೊಟ್ಟು ನೋಡಿದ 1999ರ ಅಧ್ಯಯನ ಬಹಳ ಪ್ರಸಿದ್ಧವಾಗಿದೆ. 16 ವಾರಗಳ ಕೊನೆಗೆ ಮೂರೂ ಗುಂಪುಗಳು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಸುಧಾರಿಸಿದ್ದವು. ಇದನ್ನು ಹಿಡಿದುಕೊಂಡು ಮಾತ್ರೆ ಬಿಸಾಕಿ, ಓಡಿ ಎನ್ನುವವರಿದ್ದಾರೆ. ಅವರು ಅದೇ ಅಧ್ಯಯನದ ಉಳಿದರ್ಧವನ್ನು ಓದುವುದಿಲ್ಲ: ಮೊದಲ ವಾರಗಳಲ್ಲಿ ಬೇಗ ಗುಣ ಕಂಡದ್ದು ಮಾತ್ರೆಯವರಿಗೆ, ವ್ಯಾಯಾಮದ ಗುಂಪಿನವರು ವಾರಕ್ಕೆ ಮೂರು ಸಲ ಒಟ್ಟಾಗಿ, ಮೇಲ್ವಿಚಾರಕರ ಎದುರಿಗೆ ವ್ಯಾಯಾಮ ಮಾಡುತ್ತಿದ್ದರು. ಆ ಒಟ್ಟುಗೂಡುವಿಕೆಯ ಪಾಲೆಷ್ಟು, ಕಾಲುಗಳ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ವೈದ್ಯರು ಬರೆದ ಮಾತ್ರೆಯನ್ನು ಅವರನ್ನು ಕೇಳದೆ ನಿಲ್ಲಿಸುವುದಕ್ಕೆ ಈ ಅಧ್ಯಯನ ಯಾವ ರೀತಿಯಲ್ಲೂ ಸಮರ್ಥನೆಯಲ್ಲ.

ನಡಿಗೆ ಎರಡು ತಿಂಗಳು ನಿಂತಿತು, ಅಂದರೆ ನೆಲೆನಿಂತಿತು, ಎಂದಾಗ ನಾನೊಂದು ತಪ್ಪು ಮಾಡಿದೆ. ಜಿಮ್ಮೊಂದಕ್ಕೆ ಸೇರಿದೆ. ಅಲ್ಲಿನ ತರಬೇತಿದಾರ ಹುಡುಗ ಮೊದಲ ದಿನವೇ ನೂರು ಬಸ್ಕಿ ಹೊಡೆಸಿದ. ಬೇಡ ಎನ್ನಲು ಸಂಕೋಚವಾಗಿ ನಾನೂ ಹೊಡೆದೆ. ಮರುದಿನ ನೋವು, ಮೂರನೆಯ ದಿನ ಕಾಲೇಜಿನ ಮೆಟ್ಟಿಲನ್ನು ಹಿಂದುಮುಂದಾಗಿ, ಕಂಬಿ ಹಿಡಿದು ಇಳಿಯಬೇಕಾಯಿತು. ಅಭ್ಯಾಸವಿಲ್ಲದ ವ್ಯಾಯಾಮದ ನಂತರ ಒಂದರಿಂದ ಮೂರು ದಿನ ಸ್ನಾಯುಗಳು ನೋಯುವುದು ಸಹಜ. ಆದರೆ ನೋವಿನ ಜೊತೆ ಊತ ಬಂದು, ಮೂತ್ರ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿದರೆ, ಸ್ನಾಯುಕೋಶಗಳು ಒಡೆದು ಅವುಗಳ ಒಳಗಿನ ವಸ್ತು ಮೂತ್ರಪಿಂಡಗಳಿಗೆ ಹೊರೆಯಾಗುತ್ತಿದೆ ಎಂದು ಅರ್ಥ; ಆಗ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ದುಃಖದಲ್ಲಿರುವವರಿಗೆ ಈ ಎಚ್ಚರಿಕೆ ಇನ್ನೂ ಹೆಚ್ಚು ಬೇಕು, ಏಕೆಂದರೆ ಮೈಯನ್ನು ದಂಡಿಸಿದರೆ ಮನಸ್ಸಿನ ನೋವು ಮರೆಯಬಹುದೆಂಬ ಆಸೆಯಿಂದ ಅವರು ಸುಲಭವಾಗಿ ಮಿತಿ ಮೀರುತ್ತಾರೆ.

ಜಿಮ್ಮು ಬಿಟ್ಟು ಮನೆಯಲ್ಲೇ ಆರಂಭಿಸಿದ್ದು ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದನ್ನು. ಅದೂ ಬಸ್ಕಿಯೇ, ಕುರ್ಚಿಯ ಆಸರೆ ಇದೆ ಅಷ್ಟೆ. ಗರಡಿಮನೆಯಲ್ಲಿ ಗಂಡಸರ ಹೆಮ್ಮೆಯಾಗಿದ್ದ ಬಸ್ಕಿ ಶಾಲೆಯಲ್ಲಿ ಮಕ್ಕಳಿಗೆ ಶಿಕ್ಷೆಯಾಯಿತು, ಹೆಂಗಸರಿಗೆ ಯಾವ ರೂಪದಲ್ಲೂ ಬರಲೇ ಇಲ್ಲ ಎಂಬುದು ವಿಚಿತ್ರ. ಎಂಟರಂತೆ ಎರಡು ಸುತ್ತು, ವಾರಕ್ಕೆ ಮೂರು ದಿನ. ಅದು ಸಲೀಸಾದ ಮೇಲೆ ಎದೆಗೆ ಐದು ಕಿಲೋ ರಾಗಿಯ ಚೀಲ ಅವಚಿಕೊಂಡು. ಮೊದಲ ವಾರಗಳಲ್ಲಿ ಸ್ನಾಯುವಿನ ಗಾತ್ರ ಬದಲಾಗುವ ಮೊದಲೇ ಬಲ ಹೆಚ್ಚುವುದನ್ನು ಕಂಡು ಹಲವರು ಅಚ್ಚರಿಪಡುತ್ತಾರೆ. ಕಾರಣವಿಷ್ಟೆ: ಇದ್ದ ತಂತುಗಳನ್ನೇ ಹೆಚ್ಚು ಸಂಖ್ಯೆಯಲ್ಲಿ, ಹೊಂದಾಣಿಕೆಯಿಂದ ಕೆಲಸಕ್ಕೆ ಕರೆಯಲು ನರಮಂಡಲ ಕಲಿಯುತ್ತದೆ. ದೇಹ ಮಾತು ಕೇಳುತ್ತಿದೆ ಎಂಬ ಭಾವನೆ ಇಷ್ಟು ಬೇಗ ಬರುವುದರಿಂದಲೇ, ಎಲ್ಲವೂ ಕೈಮೀರಿ ಹೋಯಿತು ಎನ್ನಿಸಿರುವವರಿಗೆ ನಾನು ನಡಿಗೆಯಷ್ಟೇ ಒತ್ತುಕೊಟ್ಟು ಬಲದ ವ್ಯಾಯಾಮವನ್ನು ಹೇಳುತ್ತೇನೆ. ವಯಸ್ಸಾಯಿತಲ್ಲ ಎಂಬ ಸಬೂಬಿಗೆ 1990ರ ಒಂದು ಅಧ್ಯಯನವೇ ಸಾಕು: ವೃದ್ಧಾಶ್ರಮದಲ್ಲಿದ್ದ, ಸರಾಸರಿ 90 ವರ್ಷದ ಹಿರಿಯರು ಎಂಟು ವಾರ ಭಾರ ಎತ್ತುವ ಅಭ್ಯಾಸ ಮಾಡಿದಾಗ ಅವರ ಕಾಲುಗಳ ಬಲ ಸರಾಸರಿ ಶೇ 174ರಷ್ಟು ಹೆಚ್ಚಿತ್ತು.

ಏಳನೆಯ ತಿಂಗಳಲ್ಲಿ ಸಿಲಿಂಡರನ್ನು ನಾನೇ ಸರಿಸಿದೆ. ಎತ್ತಲಿಲ್ಲ, ಎತ್ತಬೇಕಾಗಿಯೂ ಇಲ್ಲ. ಪಾದಗಳನ್ನು ಅದರ ಹತ್ತಿರ ತಂದು, ಬೆನ್ನು ಬಾಗಿಸದೆ ಮಂಡಿ ಮಡಿಸಿ, ಬಾಯಿಯ ಸುತ್ತಲಿನ ಬಳೆಯನ್ನು ಹಿಡಿದು ತನ್ನತ್ತ ವಾಲಿಸಿಕೊಂಡು, ತಳದ ಅಂಚಿನ ಮೇಲೆ ಉರುಳಿಸುತ್ತ ಹೋದರೆ ಭಾರದ ಬಹುಪಾಲು ನೆಲದ ಮೇಲೆಯೇ ಉಳಿಯುತ್ತದೆ. ಯಜಮಾನರು ಹಾಗೆಯೇ ಮಾಡುತ್ತಿದ್ದರು, ನೋಡಿದ್ದೆ, ಗಮನಿಸಿರಲಿಲ್ಲ.

ಊಟದ ವಿಷಯ ಬಿಟ್ಟರೆ ಈ ವಿವರಣೆ ಅರ್ಧವಾಗುತ್ತದೆ. ಸಾವಿನ ಮನೆಯಲ್ಲಿ ಹೆಂಡತಿ ಸರಿಯಾಗಿ ಉಣ್ಣುವುದು ತಪ್ಪೆಂಬಂತೆ ನಡೆದುಕೊಳ್ಳುತ್ತೇವೆ. ನಾನು ತಿಂಗಳುಗಟ್ಟಲೆ ಕಾಫಿ ಮತ್ತು ರಸ್ಕಿನ ಮೇಲೆ ಇದ್ದೆ. ಕಟ್ಟಲು ಇಟ್ಟಿಗೆಯಿಲ್ಲದೆ ಗಾರೆಯವನೊಬ್ಬನೇ ಏನು ಮಾಡಿಯಾನು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಶಿಫಾರಸು ಮಾಡಿರುವಂತೆ ವಯಸ್ಕರಿಗೆ ದೇಹದ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು, ಎಂದರೆ 60 ಕಿಲೋ ತೂಗುವವರಿಗೆ ಸುಮಾರು 50 ಗ್ರಾಂ. ನೂರು ಗ್ರಾಂ ರಾಗಿಯಲ್ಲಿ ಇರುವುದು ಏಳು ಗ್ರಾಮಿನ ಆಸುಪಾಸು. ಮುದ್ದೆಯೊಂದರಿಂದಲೇ ಬಲ ಬರುತ್ತದೆ ಎನ್ನುವವರು ಅದರ ಜೊತೆಗೆ ಇಳಿಯುತ್ತಿದ್ದ ಹುರುಳಿ ಸಾರನ್ನು ಮರೆತಿದ್ದಾರೆ. ಹುರುಳಿಕಾಳಿನಲ್ಲಿ ನೂರು ಗ್ರಾಮಿಗೆ ಸುಮಾರು 22 ಗ್ರಾಂ, ನಮ್ಮ ಜಿಲ್ಲೆಯ ಬಯಲುಸೀಮೆಯಲ್ಲಿ ಬೆಳೆಯುವ ಕಡಲೆಕಾಯಿ ಬೀಜದಲ್ಲಿ ಸುಮಾರು 25 ಗ್ರಾಂ, ಒಂದು ಕೋಳಿಮೊಟ್ಟೆಯಲ್ಲಿ ಆರು ಗ್ರಾಂ ಪ್ರೋಟೀನ್ ಇದೆ. ಡಬ್ಬದ ಪುಡಿಗೆ ಸಾವಿರಾರು ರೂಪಾಯಿ ಸುರಿಯುವ ಮುನ್ನ ಮೊಳಕೆ ಹುರುಳಿಯ ಸಾರನ್ನು ದಿನಕ್ಕೊಂದು ಹೊತ್ತಿಗೆ ಮತ್ತೆ ತಂದುಕೊಳ್ಳುವುದು ಲೇಸು.

ಈ ಜಿಲ್ಲೆಗೇ ಸಂಬಂಧಿಸಿದ ಒಂದು ಎಚ್ಚರಿಕೆಯೂ ಇದೆ. ಪಾವಗಡ, ಮಧುಗಿರಿ, ಶಿರಾ ಕಡೆಗಳಲ್ಲಿ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು, ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಾನುಗಟ್ಟಲೆ ಕುಡಿದವರಲ್ಲಿ ಹಲ್ಲು ಕಂದುಬಣ್ಣಕ್ಕೆ ತಿರುಗಬಹುದು, ಪ್ರಮಾಣ ಇನ್ನೂ ಹೆಚ್ಚಿದ್ದಲ್ಲಿ ಬೆನ್ನುಮೂಳೆ ಮತ್ತು ಕೀಲುಗಳು ಬಿಗಿದುಕೊಳ್ಳಬಹುದು. ನನ್ನ ಅತ್ತೆಗೆ ಕುತ್ತಿಗೆ ಪೂರ್ತಿ ತಿರುಗುವುದಿಲ್ಲ. ಇಂಥವರನ್ನು ಸೋಮಾರಿತನ ಬಿಡಿ, ಬಗ್ಗಿ ಪಾದ ಮುಟ್ಟಿ ಎಂದು ಒತ್ತಾಯಿಸುವುದು ಅಪಾಯ. ಮೊದಲು ವೈದ್ಯರಿಗೆ ತೋರಿಸಿ, ಎಷ್ಟು ಬಾಗಬಹುದು ಎಂದು ತಿಳಿದು ಆರಂಭಿಸಬೇಕು.

ವ್ಯಾಯಾಮದಿಂದ ಆಗದ್ದನ್ನೂ ಹೇಳದಿದ್ದರೆ ಈ ಬರಹ ಜಾಹೀರಾತಾದೀತು. ಮೂರು ಕೊಳವೆಬಾವಿ ಕೊರೆಸಿ ನೀರು ಕಾಣದ ರೈತನ ಸಾಲ ಅಮಾನಿಕೆರೆಯನ್ನು ಎಷ್ಟು ಸುತ್ತಿದರೂ ತೀರುವುದಿಲ್ಲ. ಹಗಲೆಲ್ಲ ಹೊಲದಲ್ಲೋ ಮಂಡಿಯಲ್ಲೋ ಮೂಟೆ ಹೊತ್ತವನಿಗೆ ವಾಕಿಂಗ್ ಮಾಡಿ ಎನ್ನುವುದು ಅವಮಾನವೇ ಸರಿ; ದುಡಿಮೆಯ ದಣಿವು ಮತ್ತು ತಾನಾಗಿ ಆರಿಸಿಕೊಂಡ ವ್ಯಾಯಾಮ ದೇಹಕ್ಕೆ ಒಂದೇ ಅಲ್ಲ, ಅವನಿಗೆ ಬೇಕಾಗಿರುವುದು ವಿಶ್ರಾಂತಿ, ನಿದ್ದೆ ಮತ್ತು ಸಾಲದ ಮಾತಾಡಬಲ್ಲ ಒಬ್ಬ ನೆರವಿನವನು. ದುಃಖಕ್ಕೂ ಖಿನ್ನತೆಯ ಕಾಯಿಲೆಗೂ ವ್ಯತ್ಯಾಸವಿದೆ: ತಿಂಗಳುಗಳಾದರೂ ಹಾಸಿಗೆ ಬಿಡಲಾಗದಿದ್ದರೆ, ಬದುಕುವುದೇ ಬೇಡ ಎನ್ನಿಸುತ್ತಿದ್ದರೆ, ಕುಡಿತ ಹೆಚ್ಚುತ್ತಿದ್ದರೆ ಶೂ ಹುಡುಕುವುದಕ್ಕಿಂತ ಮೊದಲು ಫೋನು ಹುಡುಕಬೇಕು. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಹಗಲು ರಾತ್ರಿ ಉಚಿತವಾಗಿ ಕರೆಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ನಡೆಯುವಾಗ ಎದೆ ಹಿಡಿದಂತಾದರೆ ಅದನ್ನೂ ಸಂಕಟ ಎಂದು ತಳ್ಳಿಹಾಕಬಾರದು. ತೀವ್ರ ಆಘಾತದ ನಂತರ ಹೃದಯದ ಸ್ನಾಯು ತಾತ್ಕಾಲಿಕವಾಗಿ ದುರ್ಬಲವಾಗುವ ಒಂದು ಸ್ಥಿತಿಯನ್ನು ಜಪಾನಿನ ವೈದ್ಯರು 1990ರಲ್ಲಿ ವಿವರಿಸಿದ್ದಾರೆ, ಅದು ಹೆಚ್ಚಾಗಿ ಕಾಣಿಸಿಕೊಳ್ಳುವುದು ಮುಟ್ಟು ನಿಂತ ಹೆಂಗಸರಲ್ಲಿ.

ಇಪ್ಪತ್ತೊಂದು ದಿನ ಮಾಡಿದರೆ ಅಭ್ಯಾಸವಾಗುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಲಂಡನ್ನಿನ ಸಂಶೋಧಕರು 96 ಜನರನ್ನು ಗಮನಿಸಿದಾಗ ಒಂದು ಹೊಸ ರೂಢಿ ತಾನಾಗಿ ನಡೆಯುವಂತಾಗಲು ಹಿಡಿದದ್ದು 18ರಿಂದ 254 ದಿನ, ಸರಾಸರಿ 66 ದಿನ. ನಮ್ಮ ಹಿರಿಯರ 48 ದಿನದ ಮಂಡಲವೇ ಇಪ್ಪತ್ತೊಂದಕ್ಕಿಂತ ಸತ್ಯಕ್ಕೆ ಹತ್ತಿರವಿತ್ತು. ಅದೇ ಅಧ್ಯಯನದಲ್ಲಿ, ನಡುವೆ ಒಂದು ದಿನ ತಪ್ಪಿದ್ದರಿಂದ ರೂಢಿ ಕೂಡುವುದಕ್ಕೆ ಹೇಳಿಕೊಳ್ಳುವಂಥ ಅಡ್ಡಿಯಾಗಲಿಲ್ಲ ಎಂಬುದೂ ಕಂಡುಬಂತು.

ನನಗೆ ತಪ್ಪಿದ್ದು ಒಂದು ದಿನವಲ್ಲ. ವರ್ಷದ ತಿಥಿ ಹತ್ತಿರವಾದಂತೆ ಹಳೆಯ ನಿದ್ದೆಗೇಡು ಮರಳಿತು, ಇಪ್ಪತ್ತನಾಲ್ಕು ದಿನ ಶೂ ಮೂಲೆಯಲ್ಲೇ ಇದ್ದವು. ಎರಡು ಮೂರು ವಾರ ಬಿಟ್ಟರೆ ಉಸಿರಿನ ಸಾಮರ್ಥ್ಯ ಗೊತ್ತಾಗುವಷ್ಟು ಇಳಿಯುತ್ತದೆ. ಸ್ನಾಯುಬಲ ಅದಕ್ಕಿಂತ ನಿಧಾನವಾಗಿ ಇಳಿಯುತ್ತದೆ, ಮತ್ತು ಮೊದಲ ಸಲ ಗಳಿಸಲು ಹಿಡಿದದ್ದಕ್ಕಿಂತ ಕಡಿಮೆ ಸಮಯದಲ್ಲಿ ಮರಳಿ ಬರುತ್ತದೆ. ಆದ್ದರಿಂದ ಬಿಟ್ಟಲ್ಲಿಂದಲೇ ಮುಂದುವರಿಸಲು ಹೋಗದೆ ಅರ್ಧ ಪ್ರಮಾಣದಿಂದ ಆರಂಭಿಸಿ ಎರಡು ವಾರಗಳಲ್ಲಿ ಹಳೆಯ ಮಟ್ಟಕ್ಕೆ ಏರಬೇಕು. ತಿಥಿಯ ಮರುದಿನ ನಾನು ನಲವತ್ತು ನಿಮಿಷದ ಬದಲು ಇಪ್ಪತ್ತು ನಿಮಿಷ ನಡೆದೆ, ಬಸ್ಕಿಯನ್ನು ಮತ್ತೆ ಕುರ್ಚಿಯಿಂದಲೇ, ರಾಗಿಯ ಚೀಲವಿಲ್ಲದೆ, ಎಂಟರಂತೆ ಶುರುಮಾಡಿದೆ.